ಪೆನ್ ಮನೆತನ: ತಂದೆಯ ನ್ಯಾಯವನ್ನೂ ಮಕ್ಕಳ ವಂಚನೆಯನ್ನೂ ಬೇರೆ ಬೇರೆಯಾಗಿ ತೂಗಬಹುದೇ?

ಸಹ್ಯಾದ್ರಿ ಓದುಗ:
ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾ ವಸಾಹತನ್ನು ಸ್ಥಾಪಿಸಿದ ಪೆನ್ ಮನೆತನದ ಬಗ್ಗೆ ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. 1681ರಲ್ಲಿ ದೊರೆ ಎರಡನೆಯ ಚಾರ್ಲ್ಸ್‌ನಿಂದ ಸನದು ಪಡೆದ ವಿಲಿಯಂ ಪೆನ್ ಶಾಂತಿಯನ್ನು ವ್ರತದಂತೆ ಪಾಲಿಸುವ ಕ್ವೇಕರ್ ಪಂಥದವನು. ಸನದು ಕೈಯಲ್ಲಿದ್ದರೂ ಮೂಲನಿವಾಸಿಗಳಾದ ಲೆನಾಪೆ ಜನರಿಗೆ ಬೆಲೆ ಕೊಟ್ಟು, ಅವರ ಮುಖಂಡರ ಒಪ್ಪಿಗೆ ಪಡೆದು ನೆಲವನ್ನು ಕೊಂಡನು. ಅವನ ಮಗ ಥಾಮಸ್ ಪೆನ್ 1737ರಲ್ಲಿ, ‘ನಡಿಗೆಯ ಖರೀದಿ’ ಎಂದು ಹೆಸರಾದ ವ್ಯವಹಾರದಲ್ಲಿ, ಅದೇ ಜನರಿಂದ ಸುಮಾರು 12 ಲಕ್ಷ ಎಕರೆಯನ್ನು ವಂಚನೆಯಿಂದ ಪಡೆದನು.

ಹೆಚ್ಚಿನ ಬರಹಗಳಲ್ಲಿ ಇದು ಒಳ್ಳೆಯ ತಂದೆಗೆ ಹುಟ್ಟಿದ ಕೆಟ್ಟ ಮಕ್ಕಳ ಕಥೆಯಾಗಿಯೇ ಬರುತ್ತದೆ. ನನಗೆ ಅದು ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. 2024ರ ಜನವರಿಯಲ್ಲಿ ಫಿಲಡೆಲ್ಫಿಯಾದ ವೆಲ್ಕಮ್ ಪಾರ್ಕ್‌ನಿಂದ ವಿಲಿಯಂ ಪೆನ್ನನ ಪ್ರತಿಮೆಯನ್ನು ತೆಗೆಯುವ ಪ್ರಸ್ತಾವವನ್ನು ರಾಷ್ಟ್ರೀಯ ಉದ್ಯಾನ ಇಲಾಖೆ ಮುಂದಿಟ್ಟು, ಜನರ ವಿರೋಧ ಕಂಡು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದಾಗಲೂ ವಾದ ನಡೆದದ್ದು ಇದೇ ಎರಡು ತುದಿಗಳ ನಡುವೆ. ಮಕ್ಕಳು ಮಾಡಿದ್ದಕ್ಕೆ ತಂದೆ ಕಟ್ಟಿದ ವ್ಯವಸ್ಥೆಯೇ ದಾರಿ ಮಾಡಿಕೊಟ್ಟಿತೇ, ಅಥವಾ ಮಕ್ಕಳು ಆ ವ್ಯವಸ್ಥೆಯನ್ನೇ ಕೆಡಿಸಿದರೇ? ಬಲ್ಲವರು ಆಧಾರಸಹಿತವಾಗಿ ಬರೆಯಬೇಕೆಂದು ಕೋರುತ್ತೇನೆ.

ಮಲೆನಾಡ ಮಿತ್ರ:
ಇದರಲ್ಲಿ ಚರ್ಚೆಗೆ ಏನಿದೆ? ಮೋಸ ಮಾಡಿದವನು ಥಾಮಸ್, ಆದ್ದರಿಂದ ಹೊಣೆಯೂ ಅವನದೇ.

ಸರಪಳಿ ಅಳತೆ:
ಮಲೆನಾಡ ಮಿತ್ರ ಅವರೇ, ಹೊಣೆ ಯಾರದೆಂದು ಹೇಳುವ ಮೊದಲು ಮೋಸ ಹೇಗೆ ನಡೆಯಿತೆಂದು ನೋಡೋಣ. ನಾನು ಭೂಮಾಪನದ ಕೆಲಸದಲ್ಲಿದ್ದು ನಿವೃತ್ತನಾದವನು. ಈ ಪ್ರಕರಣವನ್ನು ಓದುವಾಗಲೆಲ್ಲ ನನ್ನ ಗಮನ ಹೋಗುವುದು ಕಾಗದಪತ್ರ ಮತ್ತು ನಕ್ಷೆಯ ಮೇಲೆ.

ಥಾಮಸ್ ಮತ್ತು ಮನೆತನದ ಕಾರ್ಯದರ್ಶಿ ಜೇಮ್ಸ್ ಲೋಗನ್ 1686ರದೆಂದು ಹೇಳಿದ ಒಂದು ಕ್ರಯಪತ್ರದ ನಕಲನ್ನು ಮುಂದಿಟ್ಟರು, ಮೂಲಪತ್ರವನ್ನು ತೋರಿಸಲಿಲ್ಲ. ಡೆಲವೇರ್ ನದಿಯ ಪಕ್ಕದ ಒಂದು ಗಡಿಯಿಂದ ಹೊರಟು ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆದು ತಲುಪುವಷ್ಟು ನೆಲ ಪೆನ್ನರದು ಎಂಬುದು ಅದರ ಷರತ್ತು. ಲೆನಾಪೆ ಮುಖಂಡರಿಗೆ ತೋರಿಸಿದ ನಕ್ಷೆಯಲ್ಲಿ ಹತ್ತಿರದ ಟೋಹಿಕನ್ ಹಳ್ಳವನ್ನೂ ಅದಕ್ಕಿಂತ ಬಹಳ ಉತ್ತರಕ್ಕಿರುವ ಲೀಹೈ ನದಿಯನ್ನೂ ಗೊಂದಲವಾಗುವಂತೆ ಬರೆಯಲಾಗಿತ್ತು. ನುಟಿಮಸ್, ಲಪ್ಪವಿನ್ಸೋ ಮೊದಲಾದವರು ತಾವು ಹತ್ತಿರದ ಹಳ್ಳದವರೆಗಿನ ನೆಲಕ್ಕಷ್ಟೇ ಒಪ್ಪುತ್ತಿದ್ದೇವೆಂದು ತಿಳಿದು ಗುರುತು ಹಾಕಿದರು.

ಇದಕ್ಕೆ ಎರಡು ವರ್ಷ ಮೊದಲೇ, ಅಂದರೆ 1735ರಲ್ಲಿ, ಪೆನ್ನರ ಕಡೆಯವರು ಗುಟ್ಟಾಗಿ ಒಂದು ಪರೀಕ್ಷಾ ನಡಿಗೆ ನಡೆಸಿ ದಾರಿಯನ್ನು ನೋಡಿಕೊಂಡಿದ್ದರು. 1737ರ ಸೆಪ್ಟೆಂಬರ್ 19ರಂದು ರೈಟ್ಸ್‌ಟೌನ್ ಬಳಿಯಿಂದ ಹೊರಟವರು ಎಡ್ವರ್ಡ್ ಮಾರ್ಷಲ್, ಸಾಲಮನ್ ಜೆನಿಂಗ್ಸ್ ಮತ್ತು ಜೇಮ್ಸ್ ಯೇಟ್ಸ್ ಎಂಬ ಮೂವರು ಗಟ್ಟಿಗರು. ಕಾಡನ್ನು ಮುಂಚಿತವಾಗಿ ಸವರಿ ದಾರಿ ಮಾಡಲಾಗಿತ್ತು. ಊಟದ ಸಾಮಾನು ಹೊತ್ತ ಕುದುರೆಗಳು ಜೊತೆಗಿದ್ದವು. ಸಾಕ್ಷಿಗಳಾಗಿ ಬಂದಿದ್ದ ಲೆನಾಪೆ ಜನರು ಇದು ನಡಿಗೆಯಲ್ಲ, ಓಟ ಎಂದು ಆಕ್ಷೇಪಿಸಿ ಅರ್ಧದಲ್ಲೇ ಬಿಟ್ಟು ಹೋದರು. ಜೆನಿಂಗ್ಸ್ ಬಳಲಿ ಹಿಂದೆ ಉಳಿದನು, ಯೇಟ್ಸ್ ಕುಸಿದು ಬಿದ್ದು ಸ್ವಲ್ಪ ದಿನಗಳಲ್ಲಿ ಸತ್ತನು, ಮಾರ್ಷಲ್ ಒಬ್ಬನೇ ಸುಮಾರು 65 ಮೈಲಿ ದೂರ ಮುಟ್ಟಿದನು.

ಓಟದ ಕಥೆ ಎಲ್ಲರಿಗೂ ಗೊತ್ತು. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಮೋಸ ಓಟ ಮುಗಿದ ಮೇಲೆ ನಡೆಯಿತು. ತಲುಪಿದ ಜಾಗದಿಂದ ನದಿಗೆ ಹೇಗೆ ಗೆರೆ ಎಳೆಯಬೇಕೆಂದು ಪತ್ರದಲ್ಲಿ ಸ್ಪಷ್ಟವಿರಲಿಲ್ಲ. ನೇರವಾಗಿ ಹತ್ತಿರದ ದಂಡೆಗೆ ಎಳೆಯುವುದನ್ನು ಬಿಟ್ಟು, ನಡೆದ ದಿಕ್ಕಿಗೆ ಲಂಬವಾಗಿ, ಈಶಾನ್ಯದ ಕಡೆಗೆ ಓಡುವಂತೆ ಗೆರೆ ಎಳೆದು ಮೇಲ್ಭಾಗದ ಕಣಿವೆಯನ್ನೆಲ್ಲ ಒಳಗೆ ಸೇರಿಸಿಕೊಂಡರು. ಕಾಲಿನಿಂದ ಗಳಿಸಿದ್ದಕ್ಕಿಂತ ಎಷ್ಟೋ ಹೆಚ್ಚಿನ ನೆಲವನ್ನು ಆ ಒಂದು ಗೆರೆಯಿಂದ ಗಳಿಸಿದರು. ಸರ್ವೆ ಕೆಲಸ ಮಾಡಿದ ಯಾರೂ ಇದನ್ನು ಅಚಾತುರ್ಯವೆಂದು ನಂಬಲಾರರು.

ಬೆಳಗಾವಿಯ ವಿದ್ಯಾರ್ಥಿನಿ:
ಸರ್, ಮಾರ್ಷಲ್‌ಗೆ ಏನು ಸಿಕ್ಕಿತು? ಅವನೂ ಮೋಸದಲ್ಲಿ ಪಾಲುದಾರನಲ್ಲವೇ?

ಸರಪಳಿ ಅಳತೆ:
ಅವನಿಗೆ 500 ಎಕರೆಯ ಭರವಸೆ ಇತ್ತು, ಆದರೆ ಆ ಜಮೀನು ತನ್ನ ಕೈಸೇರಲಿಲ್ಲವೆಂದು ಅವನು ಕೊನೆಯವರೆಗೂ ದೂರುತ್ತಿದ್ದನು. ಮುಂದೆ ಗಡಿನಾಡಿನಲ್ಲಿ ಯುದ್ಧ ಎದ್ದಾಗ ಅವನ ಮನೆಯ ಮೇಲೆ ದಾಳಿಯಾಗಿ ಹೆಂಡತಿ ಪ್ರಾಣ ಕಳೆದುಕೊಂಡಳು. ಯೋಜನೆ ಹಾಕಿದವರಿಗೆ ಇಂಥ ಯಾವ ಪೆಟ್ಟೂ ತಗಲಲಿಲ್ಲ.

ಹಳೆಯ ಕಡತ:
ನಾನು ಪದವಿ ತರಗತಿಗಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಮೂಲಪ್ರಶ್ನೆಗೆ ನನ್ನ ಉತ್ತರ ಇಷ್ಟು: ಈ ಮನೆತನದ ಮೂರು ತಲೆಮಾರುಗಳನ್ನು ಕಟ್ಟಿಹಾಕಿದ್ದು ಸಾಲ. ಸಾಲವನ್ನು ಬಿಟ್ಟು ನೋಡಿದರೆ ತಂದೆ ಸಂತನಾಗಿಯೂ ಮಗ ಖಳನಾಗಿಯೂ ಕಾಣುತ್ತಾರೆ; ಸಾಲವನ್ನು ಸೇರಿಸಿ ನೋಡಿದರೆ ಇಬ್ಬರೂ ಒಂದೇ ವ್ಯವಹಾರದ ಎರಡು ಹಂತಗಳಲ್ಲಿ ನಿಂತವರಾಗಿ ಕಾಣುತ್ತಾರೆ.

ಮೊದಲನೆಯ ತಲೆಮಾರಿನವನು ಅಡ್ಮಿರಲ್ ಸರ್ ವಿಲಿಯಂ ಪೆನ್. 1655ರಲ್ಲಿ ಜಮೈಕಾವನ್ನು ಸ್ಪೇನ್‌ನಿಂದ ಕಸಿದುಕೊಂಡ ದಂಡಯಾತ್ರೆಯ ನೌಕಾಪಡೆಗೆ ಅವನೇ ಮುಖ್ಯಸ್ಥ. 1670ರಲ್ಲಿ ಅವನು ತೀರಿಕೊಂಡಾಗ ಅರಸೊತ್ತಿಗೆಯಿಂದ ಅವನಿಗೆ ಬರಬೇಕಾದ ಹಣ ಬಾಕಿ ಇತ್ತು. ಮಗ ಅದನ್ನು 16,000 ಪೌಂಡ್ ಎಂದು ಲೆಕ್ಕ ಹಾಕಿ, ಹಣದ ಬದಲು ಅಮೆರಿಕದಲ್ಲಿ ನೆಲವನ್ನು ಕೇಳಿದನು. 1681ರ ಮಾರ್ಚ್ 4ರ ಸನದಿನಿಂದ ಸುಮಾರು 45,000 ಚದರ ಮೈಲಿಯ ಪ್ರಾಂತ ಒಬ್ಬ ಖಾಸಗಿ ಮನುಷ್ಯನ ಆಸ್ತಿಯಾಯಿತು. ಅದಕ್ಕೆ ಪ್ರತಿಯಾಗಿ ಅವನು ದೊರೆಗೆ ವರ್ಷಕ್ಕೆ ಎರಡು ಬೀವರ್ ಚರ್ಮಗಳನ್ನು, ಚಿನ್ನ ಬೆಳ್ಳಿ ಸಿಕ್ಕರೆ ಐದನೆಯ ಒಂದು ಪಾಲನ್ನು ಒಪ್ಪಿಸಬೇಕಾಗಿತ್ತು.

ಆ ನೆಲವನ್ನು ವಿಲಿಯಂ ಪೆನ್ 5,000 ಎಕರೆಗೆ 100 ಪೌಂಡಿನಂತೆ ಮಾರಿದನು. ಕೊಂಡವರು ಮುಂದೆ ಪ್ರತಿ ನೂರು ಎಕರೆಗೆ ವರ್ಷಕ್ಕೆ ಒಂದು ಶಿಲಿಂಗ್ ಸಲ್ಲಿಸಬೇಕು. ನಮ್ಮ ಹಳೆಯ ಇನಾಂ ಜಮೀನುಗಳ ಮೇಲಿನ ಜೋಡಿಯಂತೆ ಅದೊಂದು ಹಗುರವಾದ ಕಂದಾಯ. ಜನ ಅದನ್ನು ಸರಿಯಾಗಿ ಕಟ್ಟಲಿಲ್ಲ. ಪೆನ್ನನ ಖರ್ಚು ಮಾತ್ರ ನಿಲ್ಲಲಿಲ್ಲ. ಅವನ ಪಾರುಪತ್ತೇಗಾರ ಫಿಲಿಪ್ ಫೋರ್ಡ್ ಬಡ್ಡಿ ಮತ್ತು ಸಂಬಳದ ಲೆಕ್ಕವನ್ನು ಬೆಳೆಸುತ್ತ ಹೋಗಿ, ಪೆನ್ ಓದದೆ ಸಹಿ ಮಾಡಿದ ಕಾಗದಗಳ ಮೂಲಕ ಇಡೀ ವಸಾಹತನ್ನೇ ತನ್ನ ಹೆಸರಿಗೆ ಬರೆಸಿಕೊಂಡನು. ಫೋರ್ಡ್ ಸತ್ತ ಮೇಲೆ ಅವನ ಕುಟುಂಬದವರು ದಾವೆ ಹೂಡಿದರು. 1708ರಲ್ಲಿ ಪೆನ್ ಸಾಲಗಾರರ ಸೆರೆಮನೆಯಲ್ಲಿದ್ದನು. ಕ್ವೇಕರ್ ಗೆಳೆಯರು ಹಣ ಹೊಂದಿಸಿ, ವಸಾಹತನ್ನು ಅಡಮಾನವಾಗಿ ಪಡೆದು, ಅವನನ್ನು ಬಿಡಿಸಿದರು. 1712ರಲ್ಲಿ ಆಡಳಿತದ ಅಧಿಕಾರವನ್ನು 12,000 ಪೌಂಡಿಗೆ ಅರಸೊತ್ತಿಗೆಗೇ ಮಾರಲು ಅವನು ಒಪ್ಪಿದ್ದನು. ಅಷ್ಟರಲ್ಲಿ ಪಾರ್ಶ್ವವಾಯು ಬಡಿದು ಆ ಮಾರಾಟ ನಿಂತುಹೋಯಿತು.

ಥಾಮಸ್ 1732ರಲ್ಲಿ ಅಮೆರಿಕಕ್ಕೆ ಬಂದಾಗ ಅವನ ಕೈಯಲ್ಲಿದ್ದದ್ದು ಈ ಸಾಲದ ಪುಸ್ತಕ. ತೀರಿಸಲು ಇದ್ದ ದಾರಿ ಲೆನಾಪೆ ಜನರ ನೆಲದ ಮಾರಾಟ. ಅವರು ಬಿಟ್ಟುಕೊಡದ ನೆಲವನ್ನು ಸಹ ಅವನ ಕಡೆಯವರು ಮೊದಲೇ ಮಾರತೊಡಗಿದ್ದರು. ಇಲ್ಲಿ ಅವನ ತಪ್ಪನ್ನು ನಾನು ಕಿಂಚಿತ್ತೂ ಕಡಿಮೆ ಮಾಡುತ್ತಿಲ್ಲ. ಆದರೆ ಒಂದು ಸಮಾಜದ ಭವಿಷ್ಯವನ್ನು ಒಂದು ಕುಟುಂಬದ ಸಾಲದ ಲೆಕ್ಕಕ್ಕೆ ಕಟ್ಟಿದವನು ತಂದೆಯೇ.

ನೇತ್ರಾವತಿ:
ಹಳೆಯ ಕಡತ ಅವರೇ, ನಿಮ್ಮ ವಿವರಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಸಾಲ ತಂದೆಗೂ ಇತ್ತು. ಸೆರೆಮನೆಗೆ ಹೋಗುವಷ್ಟು ಇತ್ತು. ಆದರೂ ಅವನು ಸುಳ್ಳು ನಕ್ಷೆ ತೋರಿಸಲಿಲ್ಲ. 1681ರ ಅಕ್ಟೋಬರಿನಲ್ಲಿ, ಅಮೆರಿಕದ ಮಣ್ಣನ್ನು ತುಳಿಯುವುದಕ್ಕೂ ಒಂದು ವರ್ಷ ಮೊದಲೇ, ಲೆನಾಪೆ ಜನರಿಗೆ ಪತ್ರ ಬರೆದು, ಅವರ ಪ್ರೀತಿ ಮತ್ತು ಒಪ್ಪಿಗೆಯಿಂದಲೇ ಅಲ್ಲಿ ಬಾಳಲು ಬಯಸುತ್ತೇನೆಂದು ತಿಳಿಸಿದನು. 1682ರಿಂದ 1684ರವರೆಗೆ ತುಂಡು ತುಂಡಾಗಿ, ಆಯಾ ಭಾಗದ ಮುಖಂಡರೊಡನೆ ಬೇರೆ ಬೇರೆ ಕರಾರು ಮಾಡಿಕೊಂಡು ಖರೀದಿಸಿದನು. ಅದೇ ಕಾಲದಲ್ಲಿ ಉತ್ತರದ ನ್ಯೂ ಇಂಗ್ಲೆಂಡಿನಲ್ಲೂ ದಕ್ಷಿಣದ ವರ್ಜೀನಿಯಾದಲ್ಲೂ ಮೂಲನಿವಾಸಿಗಳೊಡನೆ ರಕ್ತಪಾತವಾಗಿತ್ತು; ಪೆನ್ಸಿಲ್ವೇನಿಯಾದಲ್ಲಿ ಸುಮಾರು ಎಪ್ಪತ್ತು ವರ್ಷ ಯುದ್ಧ ನಡೆಯಲಿಲ್ಲ. ಬಡತನದಲ್ಲೂ ಒಬ್ಬನು ಮಾತು ಉಳಿಸಿಕೊಂಡ, ಇನ್ನೊಬ್ಬನು ಮುರಿದ ಎಂದ ಮೇಲೆ ವ್ಯತ್ಯಾಸ ಮನುಷ್ಯನಲ್ಲಿದೆ, ಸಾಲದಲ್ಲಿಲ್ಲ.

ಮಲೆನಾಡ ಮಿತ್ರ:
ನೇತ್ರಾವತಿ ಅವರ ಮಾತೇ ನನ್ನದೂ.

ಕಕ್ಷಿ ಪ್ರತಿಕಕ್ಷಿ:
ವಕೀಲನಾಗಿ ಒಂದು ಮಾತು ಸೇರಿಸುತ್ತೇನೆ. ವಿಲಿಯಂ ಪೆನ್ ವಸಾಹತು ಕಟ್ಟದೇ ಇದ್ದಿದ್ದರೂ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಅವನ ಹೆಸರನ್ನು ಓದುತ್ತಿದ್ದರು. 1670ರಲ್ಲಿ ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶ ಮಾಡಿದ್ದಕ್ಕಾಗಿ ಅವನ ಮೇಲೂ ವಿಲಿಯಂ ಮೀಡ್ ಎಂಬವನ ಮೇಲೂ ಮೊಕದ್ದಮೆ ನಡೆಯಿತು. ಯಾವ ಕಾನೂನಿನಡಿ ತನ್ನ ಮೇಲೆ ಆರೋಪ ಹೊರಿಸಿದ್ದೀರಿ, ಅದನ್ನು ತೋರಿಸಿ ಎಂದು ಪೆನ್ ನ್ಯಾಯಪೀಠವನ್ನು ಬಿಡದೆ ಕೇಳಿದನು. ತೀರ್ಪುಗಾರರು, ಅಂದರೆ ಜ್ಯೂರಿಯಾಗಿ ಕೂತ ಸಾಮಾನ್ಯ ನಾಗರಿಕರು, ಅವನನ್ನು ತಪ್ಪಿತಸ್ಥನೆನ್ನಲು ಒಪ್ಪಲಿಲ್ಲ. ನ್ಯಾಯಾಧೀಶರು ಅವರಿಗೆ ಊಟ ನೀರು ಕೊಡದೆ ಕೂಡಿಹಾಕಿದರೂ ಅವರು ಕದಲಲಿಲ್ಲ. ಕೊನೆಗೆ ಅವರಿಗೇ ದಂಡ ವಿಧಿಸಿ ಸೆರೆಗೆ ಕಳಿಸಲಾಯಿತು. ಅವರಲ್ಲಿ ಒಬ್ಬನಾದ ಎಡ್ವರ್ಡ್ ಬುಶೆಲ್ ದಂಡ ಕಟ್ಟಲು ನಿರಾಕರಿಸಿ ಮೇಲಿನ ನ್ಯಾಯಾಲಯಕ್ಕೆ ಹೋದನು. ಮುಖ್ಯ ನ್ಯಾಯಮೂರ್ತಿ ವಾನ್, ಕೊಟ್ಟ ತೀರ್ಪಿಗಾಗಿ ತೀರ್ಪುಗಾರರನ್ನು ಶಿಕ್ಷಿಸುವಂತಿಲ್ಲವೆಂದು ನಿರ್ಧರಿಸಿದನು.

ಇದನ್ನು ಹೇಳಲು ಕಾರಣವಿದೆ. ಅಧಿಕಾರದ ಮುಂದೆ ಒಂಟಿಯಾಗಿ ನಿಂತವನೇ ಅಧಿಕಾರಕ್ಕೆ ಮಿತಿ ಹಾಕುವ ಶಾಸನಗಳನ್ನು ಬರೆದನು. 1682ರ ಆಡಳಿತ ಚೌಕಟ್ಟು, 1701ರ ಹಕ್ಕುಗಳ ಸನದು ಎರಡೂ ಆ ಅನುಭವದಿಂದ ಬಂದವು. ಇವತ್ತು ಫಿಲಡೆಲ್ಫಿಯಾದಲ್ಲಿರುವ ‘ಲಿಬರ್ಟಿ ಬೆಲ್’ ಗಂಟೆಯನ್ನು ಶಾಸನಸಭೆ 1751ರಲ್ಲಿ ತರಿಸಲು ಆದೇಶಿಸಿತು. ಅದು ಆ 1701ರ ಸನದಿನ ಐವತ್ತನೆಯ ವರ್ಷ. ಹೀಗಿರುವಾಗ ಅವನನ್ನು ಬರಿಯ ಭೂವ್ಯಾಪಾರಿಯೆಂದು ಎಣಿಸುವುದು ಅನ್ಯಾಯ.

ಕಪ್ಪು ಮಣ್ಣು:
ಹಕ್ಕುಗಳ ಮಾತು ಬಂದದ್ದರಿಂದ ಕೇಳುತ್ತೇನೆ: ಪೆನ್ಸ್‌ಬರಿಯ ಅವನ ಸ್ವಂತ ತೋಟದ ಮನೆಯಲ್ಲಿ ದುಡಿಯುತ್ತಿದ್ದ ಗುಲಾಮರ ಹಕ್ಕುಗಳು ಎಲ್ಲಿದ್ದವು? ವಿಲಿಯಂ ಪೆನ್ ಗುಲಾಮರನ್ನು ಇಟ್ಟುಕೊಂಡಿದ್ದನು. 1701ರ ಒಂದು ಉಯಿಲಿನಲ್ಲಿ ಅವರಿಗೆ ಬಿಡುಗಡೆ ಕೊಡುವ ಮಾತಿತ್ತು. ನಂತರದ ಉಯಿಲಿನಲ್ಲಿ ಅದು ಉಳಿಯಲಿಲ್ಲ. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಇದ್ದರು ಎಂದು ದಯವಿಟ್ಟು ಯಾರೂ ಬರೆಯಬೇಡಿ. ಅವನದೇ ವಸಾಹತಿನ ಜರ್ಮನ್‌ಟೌನ್‌ನಲ್ಲಿ 1688ರಲ್ಲಿ ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್ ಮತ್ತು ಇನ್ನು ಮೂವರು ಗುಲಾಮಗಿರಿಯನ್ನು ವಿರೋಧಿಸಿ ಬರಹದ ಮೂಲಕ ಮನವಿ ಸಲ್ಲಿಸಿದ್ದರು. ಅವರೂ ಅದೇ ಪಂಥದ ಬಳಗದವರು. ಆ ಮನವಿ ಕ್ವೇಕರ್ ಸಭೆಗಳಲ್ಲಿ ಮೇಲಿನಿಂದ ಮೇಲಕ್ಕೆ ಹೋಗಿ ತೀರ್ಮಾನವಿಲ್ಲದೆ ಉಳಿಯಿತು. ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗೊಳಿಸುವ ಕಾನೂನು ಪೆನ್ಸಿಲ್ವೇನಿಯಾದಲ್ಲಿ ಬಂದದ್ದು 1780ರ ಮಾರ್ಚಿನಲ್ಲಿ. ಅಷ್ಟು ಹೊತ್ತಿಗೆ ಪೆನ್ನರ ಒಡೆತನವೇ ಮುಗಿದಿತ್ತು.

ಕಕ್ಷಿ ಪ್ರತಿಕಕ್ಷಿ:
ಕಪ್ಪು ಮಣ್ಣು ಅವರೇ, ನಿಮ್ಮ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ನನ್ನ ವಾದ ಅದನ್ನು ಅಳಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕೆಂದೇ ನಾನೂ ಬಯಸುತ್ತೇನೆ.

ಬೆಳಗಾವಿಯ ವಿದ್ಯಾರ್ಥಿನಿ:
ಇಷ್ಟು ಹೊತ್ತು ಗಂಡಸರ ಹೆಸರುಗಳೇ ಬಂದವು. 1712ರಲ್ಲಿ ಪೆನ್‌ಗೆ ಪಾರ್ಶ್ವವಾಯು ಬಡಿಯಿತು, ಅವನು ಸತ್ತದ್ದು 1718ರಲ್ಲಿ. ಆ ಆರು ವರ್ಷ ವಸಾಹತನ್ನು ನೋಡಿಕೊಂಡವರು ಯಾರು?

ಗೋದಾವರಿ ಟೀಚರ್:
ಒಳ್ಳೆಯ ಪ್ರಶ್ನೆ, ಮಗಳೇ. ಆರು ವರ್ಷವಲ್ಲ, ಹದಿನಾಲ್ಕು ವರ್ಷ ನೋಡಿಕೊಂಡವಳು ಪೆನ್ನನ ಎರಡನೆಯ ಹೆಂಡತಿ ಹನ್ನಾ ಕ್ಯಾಲೋಹಿಲ್ ಪೆನ್. ಆಕೆ ಬ್ರಿಸ್ಟಲ್‌ನ ವ್ಯಾಪಾರಿ ಮನೆತನದ ಹೆಣ್ಣು, ಲೆಕ್ಕಪತ್ರ ಬಲ್ಲವಳು. ಮೊದಲನೆಯ ಹೆಂಡತಿ ಗುಲಿಯೆಲ್ಮಾ 1694ರಲ್ಲಿ ತೀರಿಕೊಂಡ ಮೇಲೆ ಪೆನ್ ಈಕೆಯನ್ನು ಮದುವೆಯಾದನು. 1699ರಲ್ಲಿ ಗಂಡನ ಜೊತೆ ಅಮೆರಿಕಕ್ಕೆ ಹೋದಾಗ ಆಕೆ ಗರ್ಭಿಣಿ. ಹಿರಿಯ ಮಗ ಜಾನ್ ಫಿಲಡೆಲ್ಫಿಯಾದಲ್ಲೇ ಹುಟ್ಟಿದನು. ಪೆನ್ನನ ಮಕ್ಕಳಲ್ಲಿ ಅಮೆರಿಕದ ನೆಲದಲ್ಲಿ ಹುಟ್ಟಿದವನು ಅವನೊಬ್ಬನೇ.

ಗಂಡ ಹಾಸಿಗೆ ಹಿಡಿದ ಮೇಲೆ ಆಕೆ ಇಂಗ್ಲೆಂಡಿನಲ್ಲಿದ್ದುಕೊಂಡೇ ಲೋಗನ್‌ನೊಡನೆ ಪತ್ರ ವ್ಯವಹಾರ ನಡೆಸುತ್ತ ವಸಾಹತನ್ನು ಆಳಿದಳು. ಮೇರಿಲ್ಯಾಂಡಿನ ಒಡೆಯರಾದ ಕ್ಯಾಲ್ವರ್ಟ್ ಮನೆತನದವರ ಗಡಿ ತಗಾದೆಯನ್ನು ತಡೆಹಿಡಿದಳು. ಗವರ್ನರ್ ವಿಲಿಯಂ ಕೀತ್ ಒಡೆಯರ ಮಾತಿಗೆ ಬೆಲೆ ಕೊಡದೆ ನಡೆಯತೊಡಗಿದಾಗ ಅವನನ್ನು ಹುದ್ದೆಯಿಂದ ಬಿಡಿಸುವುದರಲ್ಲಿ ಆಕೆಯ ಪಾತ್ರ ದೊಡ್ಡದು. ಮೊದಲ ಹೆಂಡತಿಯ ಮಗ ವಿಲಿಯಂ ತಂದೆಯ ಉಯಿಲನ್ನೇ ಪ್ರಶ್ನಿಸಿದಾಗ ಆ ವ್ಯಾಜ್ಯವನ್ನೂ ಎದುರಿಸಿದಳು. 1726ರಲ್ಲಿ ಆಕೆ ತೀರಿಕೊಳ್ಳುವ ಹೊತ್ತಿಗೆ ವಸಾಹತು ಮನೆತನದ ಕೈಯಲ್ಲಿ ಉಳಿದಿತ್ತು. ಆಕೆ ಇಲ್ಲದಿದ್ದರೆ ಥಾಮಸ್‌ಗೆ ಅನುಭವಿಸಲು ಏನೂ ಇರುತ್ತಿರಲಿಲ್ಲ. 1984ರಲ್ಲಿ ಅಮೆರಿಕ ಸರ್ಕಾರ ವಿಲಿಯಂ ಜೊತೆಗೆ ಹನ್ನಾಳನ್ನೂ ಗೌರವ ನಾಗರಿಕಳೆಂದು ಘೋಷಿಸಿತು. ಪಾಠದ ಪುಸ್ತಕಗಳು ಇನ್ನೂ ಆಕೆಯ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸುತ್ತಿರುವುದು ನನಗೆ ಬಹಳ ನೋವಿನ ಸಂಗತಿ.

ಸಹ್ಯಾದ್ರಿ ಓದುಗ:
ಟೀಚರ್, ತುಂಬ ಧನ್ಯವಾದಗಳು. ಹನ್ನಾಳ ವಿಷಯ ಬಂದ ಮೇಲೆ ತಂದೆ ಮತ್ತು ಮಗ ಎಂಬ ನನ್ನ ಪ್ರಶ್ನೆಗೆ ಇನ್ನೊಂದು ಮುಖ ಬಂತು. ತಂದೆ ಅಮೆರಿಕದಲ್ಲಿ ಎರಡು ಸಲ ಸೇರಿ ಸುಮಾರು ನಾಲ್ಕು ವರ್ಷ ಇದ್ದನು. ಮಗ ಥಾಮಸ್ 1732ರಿಂದ 1741ರವರೆಗೆ, ತಂದೆಗಿಂತ ಎರಡು ಪಟ್ಟು ಹೆಚ್ಚು ಕಾಲ ಇದ್ದನು. ಜನರನ್ನು ಹತ್ತಿರದಿಂದ ಕಂಡರೆ ನ್ಯಾಯಬುದ್ಧಿ ಬೆಳೆಯುತ್ತದೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಹಳೆಯ ಕಡತ:
ನೇತ್ರಾವತಿ ಅವರಿಗೆ ಉತ್ತರ ಬಾಕಿ ಇದೆ. ವ್ಯತ್ಯಾಸ ಮನುಷ್ಯನಲ್ಲಿದೆ ಎಂದಿರಿ. ಒಪ್ಪಿದೆ. ಆದರೆ ಮುಂದಿನ ಒಡೆಯ ಒಳ್ಳೆಯವನಾಗಿರಲೇಬೇಕು ಎಂಬುದರ ಮೇಲೆ ನಿಂತ ವ್ಯವಸ್ಥೆಯನ್ನು ನಂಬಬಹುದೇ ಎಂಬುದು ನನ್ನ ಪ್ರಶ್ನೆ. ಇದಕ್ಕೆ ಬೆಂಜಮಿನ್ ಫ್ರ್ಯಾಂಕ್ಲಿನ್ ಬರೆದಿಟ್ಟ ಒಂದು ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

1750ರ ದಶಕದಲ್ಲಿ ಗಡಿನಾಡು ಹೊತ್ತಿ ಉರಿಯುತ್ತಿದ್ದಾಗ ರಕ್ಷಣೆಗೆ ಹಣ ಬೇಕಾಗಿತ್ತು. ಶಾಸನಸಭೆ ಎಲ್ಲರ ಜಮೀನಿನ ಮೇಲೂ ತೆರಿಗೆ ಹಾಕಲು ಹೊರಟಿತು; ಅತಿ ದೊಡ್ಡ ಭೂಮಾಲೀಕರಾದ ಪೆನ್ನರು ತಮ್ಮ ಜಮೀನಿಗೆ ವಿನಾಯಿತಿ ಬೇಕೆಂದು ಹಟ ಹಿಡಿದರು. ಥಾಮಸ್ 5,000 ಪೌಂಡ್ ಕಾಣಿಕೆ ಕೊಡುತ್ತೇನೆಂದನು, ಅದೂ ಜನರಿಂದ ವಸೂಲಾಗದೆ ಉಳಿದಿದ್ದ ಬಾಕಿ ಕಂದಾಯದಿಂದ. ಈ ವಿವಾದಕ್ಕಾಗಿ ಸಭೆ 1757ರಲ್ಲಿ ಫ್ರ್ಯಾಂಕ್ಲಿನ್‌ನನ್ನು ಲಂಡನ್ನಿಗೆ ಕಳಿಸಿತು. 1758ರ ಜನವರಿಯ ಭೇಟಿಯಲ್ಲಿ ಫ್ರ್ಯಾಂಕ್ಲಿನ್ ವಿಲಿಯಂ ಪೆನ್ ಕೊಟ್ಟ ಹಕ್ಕುಗಳ ಸನದನ್ನು ಎತ್ತಿದನು. ದೊರೆಯ ಸನದು ತನ್ನ ತಂದೆಗೆ ಕೊಡದ ಅಧಿಕಾರವನ್ನು ತಂದೆ ಜನರಿಗೆ ಕೊಟ್ಟಿದ್ದರೆ ಅದು ಊರ್ಜಿತವಲ್ಲವೆಂದು ಥಾಮಸ್ ಉತ್ತರಿಸಿದನು. ಹಾಗಾದರೆ ಆ ಮಾತನ್ನು ನಂಬಿ ಬಂದವರು ಮೋಸಹೋದರಲ್ಲ ಎಂದು ಕೇಳಿದಾಗ, ಅವರೇ ನೋಡಿಕೊಳ್ಳಬೇಕಾಗಿತ್ತು, ದೊರೆಯ ಸನದು ಗುಟ್ಟಿನ ಕಾಗದವಾಗಿರಲಿಲ್ಲ ಎಂದನು. ಫ್ರ್ಯಾಂಕ್ಲಿನ್‌ಗೆ ಆ ಕ್ಷಣದಲ್ಲಿ ಹುಟ್ಟಿದ ತಿರಸ್ಕಾರ ಅವನ ಪತ್ರದಲ್ಲಿ ಹಾಗೆಯೇ ಉಳಿದಿದೆ. ತಂದೆ ಕೊಟ್ಟ ಮಾತು ಕಾನೂನಿನ ಕಣ್ಣಿನಲ್ಲಿ ಎಷ್ಟು ದುರ್ಬಲವಾಗಿತ್ತೆಂಬುದನ್ನು ಮಗನ ಬಾಯಿಯೇ ಹೇಳಿತು. 1760ರಲ್ಲಿ ದೊರೆಯ ಸಲಹಾಮಂಡಳಿಯಾದ ಪ್ರಿವಿ ಕೌನ್ಸಿಲ್ ಕೆಲವು ಷರತ್ತುಗಳೊಂದಿಗೆ ಪೆನ್ನರ ಜಮೀನನ್ನೂ ತೆರಿಗೆಗೆ ಒಳಪಡಿಸಿತು.

ನೇತ್ರಾವತಿ:
ಈ ಪ್ರಸಂಗ ಬಲವಾದದ್ದು, ಒಪ್ಪುತ್ತೇನೆ. ಹಾಗಿದ್ದರೂ ಮಾತಿನ ಬಲ ಕಾಗದದಲ್ಲಿಲ್ಲ, ಆಡಿದವರಲ್ಲಿದೆ ಎಂದೇ ನಾನು ಇದನ್ನು ಓದುತ್ತೇನೆ. ಶಾಕಮ್ಯಾಕ್ಸನ್‌ನಲ್ಲಿ ಎಲ್ಮ್ ಮರದ ಕೆಳಗೆ ವಿಲಿಯಂ ಪೆನ್ ಲೆನಾಪೆ ಮುಖಂಡ ಟಮನೆಂಡ್‌ನೊಡನೆ ಮಾಡಿಕೊಂಡನೆನ್ನುವ ಒಪ್ಪಂದಕ್ಕೆ ಲಿಖಿತ ಪ್ರತಿಯೇ ಉಳಿದಿಲ್ಲ. ಆಣೆ ಇಡದೆ ಮಾಡಿದ, ಮುರಿಯದೆ ಉಳಿದ ಒಪ್ಪಂದ ಅದೊಂದೇ ಎಂದು ವೋಲ್ಟೇರ್ ಹೊಗಳಿದ್ದಾನೆ.

ಸರಪಳಿ ಅಳತೆ:
ವೋಲ್ಟೇರ್ ಅದನ್ನು ಬರೆದದ್ದು 1737ಕ್ಕೆ ಮೊದಲು, ಮೇಡಂ.

ಚಿತ್ರಶಾಲೆ:
ಆ ಒಪ್ಪಂದದ ಪ್ರಸಿದ್ಧ ವರ್ಣಚಿತ್ರದ ಬಗ್ಗೆ ಒಂದು ಮಾತು. ಬೆಂಜಮಿನ್ ವೆಸ್ಟ್ 1771–72ರಲ್ಲಿ ಅದನ್ನು ಬರೆದನು. ಬರೆಸಿದವನು ಥಾಮಸ್ ಪೆನ್. ಚಿತ್ರದಲ್ಲಿ ದಪ್ಪಗಿನ ದೇಹದ, ನಡುವಯಸ್ಸು ದಾಟಿದ ವಿಲಿಯಂ ಪೆನ್ ಕೈಗಳನ್ನು ಚಾಚಿ ನಿಂತಿದ್ದಾನೆ. ನಿಜವಾಗಿ 1682ರಲ್ಲಿ ಅವನಿಗೆ ಇನ್ನೂ 38 ವರ್ಷ. ಹಿನ್ನೆಲೆಯಲ್ಲಿರುವ ಇಟ್ಟಿಗೆಯ ಮನೆಗಳೂ ಆ ಕಾಲಕ್ಕೆ ಸೇರಿದವಲ್ಲ. ಕ್ವೇಕರ್ ಪಂಥವನ್ನು ಬಿಟ್ಟು ಆಂಗ್ಲಿಕನ್ ಚರ್ಚಿಗೆ ಸೇರಿದ, ಲೆನಾಪೆ ಜನರ ಮೇಲ್ಕಣಿವೆಯನ್ನು ಕಿತ್ತುಕೊಂಡ ಮಗ, ತಂದೆಯ ಸೌಹಾರ್ದದ ಚಿತ್ರವನ್ನು ತನ್ನ ಮುಪ್ಪಿನಲ್ಲಿ ಬರೆಸಿದ್ದು ಮನೆತನದ ಹೆಸರನ್ನು ಉಳಿಸಿಕೊಳ್ಳಲೆಂದೇ ಎಂದು ನಾನು ಭಾವಿಸುತ್ತೇನೆ. ನಾವೆಲ್ಲರೂ ಬಾಯಿಪಾಠ ಮಾಡಿರುವ ‘ಒಳ್ಳೆಯ ತಂದೆ’ಯ ರೂಪಕ್ಕೆ ದುಡ್ಡು ಕೊಟ್ಟವನು ಆ ‘ಕೆಟ್ಟ ಮಗ’ನೇ.

ಕಪ್ಪು ಮಣ್ಣು:
ಈ ಮಾಹಿತಿಗಾಗಿ ಧನ್ಯವಾದ. ಮೊಮ್ಮಗನ ಕಾಲವನ್ನೂ ಮರೆಯಬಾರದು. 1763ರ ಡಿಸೆಂಬರಿನಲ್ಲಿ ‘ಪ್ಯಾಕ್ಸ್‌ಟನ್ ಬಾಯ್ಸ್’ ಎಂಬ ಗುಂಪು ಕಾನೆಸ್ಟೋಗಾದ ನಿರಪರಾಧಿ ಮೂಲನಿವಾಸಿಗಳಲ್ಲಿ ಆರು ಮಂದಿಯನ್ನು ಊರಿನಲ್ಲೇ ಕೊಂದಿತು. ರಕ್ಷಣೆಗೆಂದು ಲ್ಯಾಂಕಾಸ್ಟರಿನ ಕಟ್ಟಡದಲ್ಲಿ ಇರಿಸಿದ್ದ ಉಳಿದ ಹದಿನಾಲ್ಕು ಮಂದಿಯನ್ನು, ಮಕ್ಕಳನ್ನೂ ಬಿಡದೆ, ಎರಡು ವಾರದೊಳಗೆ ಕಡಿದು ಹಾಕಿತು. ಅವರ ಹಿರಿಯರು ವಿಲಿಯಂ ಪೆನ್ನನೊಡನೆ ಸ್ನೇಹದ ಕರಾರು ಮಾಡಿಕೊಂಡವರು. ಆಗಿನ ಗವರ್ನರ್ ವಿಲಿಯಂನ ಮೊಮ್ಮಗ ಜಾನ್ ಪೆನ್. ಅವನು ಕೊಲೆಗಡುಕರನ್ನು ಹಿಡಿಯಲು ಘೋಷಣೆ ಹೊರಡಿಸಿದನು, ಯಾರಿಗೂ ಶಿಕ್ಷೆಯಾಗಲಿಲ್ಲ. 1764ರ ಬೇಸಿಗೆಯಲ್ಲಿ ಅದೇ ಗವರ್ನರ್ ಶತ್ರು ಬುಡಕಟ್ಟುಗಳ ನೆತ್ತಿಯ ಚರ್ಮಕ್ಕೆ ಬಹುಮಾನ ಘೋಷಿಸಿದನು.

ತುಂಗಾ ತೀರ:
ಸ್ವಲ್ಪ ಪಕ್ಕಕ್ಕೆ ಹೋಗುತ್ತಿದ್ದೇನೆ, ಕ್ಷಮೆ ಇರಲಿ. ನಮ್ಮ ನಾಡಿಗೂ ಈ ಪ್ರಾಂತಕ್ಕೂ ಇರುವ ಒಂದು ನಂಟನ್ನು ಹೇಳದೆ ಇರಲಾರೆ. ಪೆನ್ನರ ಒಡೆತನ ಕಳೆದ ಮೇಲೆ, 1782ರಲ್ಲಿ, ಬ್ರಿಟಿಷರಿಂದ ಡೆಲವೇರ್ ಕೊಲ್ಲಿಯ ವ್ಯಾಪಾರವನ್ನು ಕಾಯಲು ಪೆನ್ಸಿಲ್ವೇನಿಯಾ ರಾಜ್ಯ ಸಜ್ಜುಗೊಳಿಸಿದ ಹಡಗಿನ ಹೆಸರು ‘ಹೈದರ್ ಅಲಿ’. ಮೈಸೂರಿನ ಹೈದರಾಲಿಯ ಹೆಸರೇ ಅದು. ಬ್ರಿಟಿಷರನ್ನು ಸೋಲಿಸಿದವನೆಂಬ ಕೀರ್ತಿ ಫಿಲಡೆಲ್ಫಿಯಾದವರೆಗೂ ಹರಡಿತ್ತು. 1782ರ ಏಪ್ರಿಲ್ 8ರಂದು ಕ್ಯಾಪ್ಟನ್ ಜೋಶುವಾ ಬಾರ್ನಿ ಆ ಹಡಗಿನಿಂದ ತನಗಿಂತ ಬಲವಾದ ಬ್ರಿಟಿಷ್ ಹಡಗು ‘ಜನರಲ್ ಮಂಕ್’ ಅನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿದನು. ಕವಿ ಫಿಲಿಪ್ ಫ್ರೆನೋ ಈ ಹಡಗಿನ ಮೇಲೆ ಪದ್ಯ ಬರೆದಿದ್ದಾನೆ. ಶಾಂತಿವಾದಿಯೊಬ್ಬನು ಸ್ಥಾಪಿಸಿದ ಪ್ರಾಂತ ನೂರು ವರ್ಷದಲ್ಲಿ ಎಲ್ಲಿಗೆ ಬಂದು ನಿಂತಿತೆಂಬುದಕ್ಕೂ ಇದು ಸಾಕ್ಷಿ.

ಮಲೆನಾಡ ಮಿತ್ರ:
ಇದು ನನಗೆ ಹೊಸ ವಿಷಯ, ಓದಿ ಹೆಮ್ಮೆಯಾಯಿತು. ಅಂದ ಹಾಗೆ, ಒಡೆತನ ಕಳೆದದ್ದು ಹೇಗೆ? ಜಮೀನನ್ನೆಲ್ಲ ಜಪ್ತಿ ಮಾಡಿದರೇ?

ಹಳೆಯ ಕಡತ:
ಪೂರ್ತಿ ಜಪ್ತಿಯಲ್ಲ. 1779ರ ನವೆಂಬರ್ 27ರಂದು ಪೆನ್ಸಿಲ್ವೇನಿಯಾದ ಶಾಸನಸಭೆ ಕಾನೂನು ಮಾಡಿ ಮಾರಾಟವಾಗದ ಎರಡು ಕೋಟಿಗೂ ಹೆಚ್ಚು ಎಕರೆಯನ್ನು ಜನರ ಸ್ವತ್ತೆಂದು ವಶಕ್ಕೆ ತೆಗೆದುಕೊಂಡಿತು. ಸಂಸ್ಥಾಪಕನ ಉಪಕಾರವನ್ನು ನೆನೆದು 1,30,000 ಪೌಂಡ್ ಪರಿಹಾರ ಕೊಡಲೂ ಒಪ್ಪಿತು. ಕುಟುಂಬದ ಖಾಸಗಿ ತೋಟಗಳನ್ನು ಮುಟ್ಟಲಿಲ್ಲ. ಸಾಲದಕ್ಕೆ ಬ್ರಿಟಿಷ್ ಸಂಸತ್ತು 1790ರಲ್ಲಿ ವರ್ಷಕ್ಕೆ 4,000 ಪೌಂಡಿನ ಪಿಂಚಣಿಯನ್ನು ಕೊಟ್ಟಿತು. ನೆಲ ಕಳೆದುಕೊಂಡ ಒಡೆಯರಿಗೆ ಎರಡು ಸರ್ಕಾರಗಳು ಪರಿಹಾರ ಕೊಟ್ಟವು. ಲೆನಾಪೆ ಜನರನ್ನು ಆ ಹೊತ್ತಿಗೆ ಓಹಾಯೋ ಕಡೆಗೆ ಅಟ್ಟಲಾಗಿತ್ತು. ಅವರ ಬಹುಪಾಲು ವಂಶಸ್ಥರು ಇಂದು ಒಕ್ಲಹೋಮಾದಲ್ಲೂ ಕೆಲವರು ವಿಸ್ಕಾನ್ಸಿನ್ ಮತ್ತು ಕೆನಡಾದಲ್ಲೂ ಇದ್ದಾರೆ.

ಬೆಳಗಾವಿಯ ವಿದ್ಯಾರ್ಥಿನಿ:
ಅವರು ನ್ಯಾಯಾಲಯಕ್ಕೆ ಹೋಗಲಿಲ್ಲವೇ?

ಕಕ್ಷಿ ಪ್ರತಿಕಕ್ಷಿ:
ಹೋದರು. ಮೊದಲು 1756ರಿಂದ ಈಸ್ಟನ್ ಊರಿನಲ್ಲಿ ನಡೆದ ಸಂಧಾನ ಸಭೆಗಳಲ್ಲಿ ಲೆನಾಪೆ ಮುಖಂಡ ಟೀಡಿಯುಸ್ಕಂಗ್ ತಮ್ಮ ನೆಲವನ್ನು ವಂಚನೆಯಿಂದ ಕಸಿಯಲಾಗಿದೆಯೆಂದು ಗವರ್ನರನ ಎದುರಿನಲ್ಲೇ ಹೇಳಿದನು. ಕ್ವೇಕರ್ ಬಳಗದವರು ಅವನ ಬೆಂಬಲಕ್ಕೆ ನಿಂತರೂ ಫಲ ದೊರೆಯಲಿಲ್ಲ. 2004ರಲ್ಲಿ ಒಕ್ಲಹೋಮಾದ ಲೆನಾಪೆ ವಂಶಸ್ಥರ ಬುಡಕಟ್ಟಾದ ಡೆಲವೇರ್ ನೇಷನ್ ಆ ನಡಿಗೆಯ ಖರೀದಿಯ ವ್ಯಾಪ್ತಿಯಲ್ಲಿದ್ದ 300 ಎಕರೆಗೂ ಮೇಲ್ಪಟ್ಟ ಒಂದು ಜಾಗಕ್ಕಾಗಿ ಪೆನ್ಸಿಲ್ವೇನಿಯಾದ ವಿರುದ್ಧ ದಾವೆ ಹೂಡಿತು. 2006ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ವಜಾ ಮಾಡಿತು, ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಆ ತೀರ್ಪಿನ ತರ್ಕ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಖರೀದಿಯಲ್ಲಿ ವಂಚನೆ ನಡೆದಿದೆಯೆಂದು ಇಟ್ಟುಕೊಂಡರೂ, ಥಾಮಸ್ ಪೆನ್ ಸನದಿನ ಬಲದಿಂದ ಸಾರ್ವಭೌಮ ಅಧಿಕಾರ ಹೊಂದಿದ್ದನು. ಅಂಥವನು ಮೂಲನಿವಾಸಿಗಳ ಹಕ್ಕನ್ನು ಕೊನೆಗೊಳಿಸಿದ್ದು ನ್ಯಾಯವೋ ಅನ್ಯಾಯವೋ ಎಂದು ನ್ಯಾಯಾಲಯ ಪರಿಶೀಲಿಸಲಾರದು ಎಂಬುದು ಅದರ ಸಾರ. ಮಗನನ್ನು 269 ವರ್ಷಗಳ ನಂತರ ಕಾಪಾಡಿದ್ದು ತಂದೆ 1681ರಲ್ಲಿ ಸಾಲದ ಬದಲಿಗೆ ಪಡೆದುಕೊಂಡ ಆ ಸನದೇ. ನಾನು ಮೇಲೆ ವಿಲಿಯಂ ಪೆನ್ನನ ಪರವಾಗಿ ಬರೆದದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಹಳೆಯ ಕಡತ ಅವರ ವಾದಕ್ಕೆ ಈ ತೀರ್ಪು ಬಲ ಕೊಡುತ್ತದೆಂದು ಹೇಳಲೇಬೇಕು.

ನೇತ್ರಾವತಿ:
ಬಲ ಕೊಡುತ್ತದೆ, ನಿಜ. ಆದರೂ ಟೀಡಿಯುಸ್ಕಂಗ್‌ನ ಜೊತೆ ಈಸ್ಟನ್ನಿನಲ್ಲಿ ನಿಂತ ಕ್ವೇಕರರು ತಮ್ಮ ಬೆಂಬಲಕ್ಕೆ ನೆನೆದದ್ದು ವಿಲಿಯಂ ಪೆನ್ನನ ನಡವಳಿಕೆಯನ್ನೇ. ಅವನ ಸನದು ಮಗನಿಗೆ ಉಪಯೋಗಕ್ಕೆ ಬಂತು. ಅವನು ನಡೆದ ರೀತಿ ಮಗನನ್ನು ಎದುರಿಸಿದವರಿಗೆ ಉಪಯೋಗಕ್ಕೆ ಬಂತು. ಈ ಎರಡನೆಯ ಆಸ್ತಿಯನ್ನು ಲೆಕ್ಕದಿಂದ ಬಿಡಲು ನಾನು ಒಪ್ಪುವುದಿಲ್ಲ.

ಸಹ್ಯಾದ್ರಿ ಓದುಗ:
ಈಸ್ಟನ್ ಸಭೆಗಳ ನಡಾವಳಿಯ ಬಗ್ಗೆ ಯಾರಾದರೂ ಇನ್ನಷ್ಟು ವಿವರವಾಗಿ ಬರೆಯುವಿರಾ? ಅಲ್ಲಿ ಟೀಡಿಯುಸ್ಕಂಗ್ ತನಗೆ ಸ್ವಂತ ಬರವಣಿಗೆಯವನು ಬೇಕೆಂದು ಪಟ್ಟು ಹಿಡಿದು, ಕ್ವೇಕರ್ ಶಾಲೆಯ ಉಪಾಧ್ಯಾಯ ಚಾರ್ಲ್ಸ್ ಥಾಮ್ಸನ್‌ನನ್ನು ಪಡೆದುಕೊಂಡನೆಂದು ಓದಿದ್ದೇನೆ.

ಹಳೆಯ ಕಡತ:
ಹೌದು, ಅದು 1757ರಲ್ಲಿ. ಗವರ್ನರನ ಗುಮಾಸ್ತರು ಬರೆದದ್ದನ್ನು ನಂಬಲಾರೆನೆಂದು ಅವನು ಹೇಳಿದ್ದಕ್ಕೆ ಹಿಂದಿನ ಅನುಭವವೇ ಕಾರಣ. ಥಾಮ್ಸನ್ ಮುಂದೆ 1759ರಲ್ಲಿ ಲೆನಾಪೆ ಜನರು ದೂರವಾದ ಕಾರಣಗಳನ್ನು ವಿವರಿಸಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಅಮೆರಿಕದ ಕಾಂಗ್ರೆಸ್ಸಿಗೆ 1774ರಿಂದ 1789ರವರೆಗೆ ಕಾರ್ಯದರ್ಶಿಯಾಗಿದ್ದವನೂ ಅವನೇ. ಈಸ್ಟನ್ನಿನ ವಿಷಯಕ್ಕೆ ಪ್ರತ್ಯೇಕ ಎಳೆಯನ್ನು ಆರಂಭಿಸಿ, ನಾನು ಅಲ್ಲಿ ಬರೆಯುತ್ತೇನೆ.